ಜಲಪರೀಕ್ಷೆಯಲ್ಲಿ ಜೀವಿಗಳ ನಾಮನಿರ್ಣಯ: ಪ್ರಭೇದವೇ, ಕುಟುಂಬವೇ?

೧

ಹರಿಯುವ ನೀರು ಶುದ್ಧವೋ ಅಶುದ್ಧವೋ ಎಂಬುದನ್ನು ತಿಳಿಯುವುದಕ್ಕೆ ಎರಡು ಬಗೆಯ ಸಾಕ್ಷಿಗಳುಂಟು. ಮೊದಲನೆಯದು ರಸಾಯನಶಾಸ್ತ್ರಜ್ಞನು ಸೀಸೆಯಲ್ಲಿ ತುಂಬಿಕೊಂಡು ಹೋಗುವ ನೀರು; ಎರಡನೆಯದು ಹೊಳೆಯ ತಳದಲ್ಲಿ, ಕಲ್ಲುಗಳ ಅಡಿಯಲ್ಲಿ ವಾಸಿಸುವ ಹುಳು, ಜಿಗಣೆ, ಬಸವನಹುಳು, ಕೀಟಗಳ ಮರಿ ಮೊದಲಾದ ಸಣ್ಣ ಪ್ರಾಣಿಗಳು. ಸೀಸೆಯ ನೀರು ತನ್ನನ್ನು ತುಂಬಿದ ಗಳಿಗೆಯ ಸಮಾಚಾರವನ್ನು ಮಾತ್ರ ಹೇಳಬಲ್ಲುದು. ಹಿಂದಿನ ರಾತ್ರಿ ಯಾವುದೋ ಕಾರ್ಖಾನೆಯ ಕೊಳೆ ಹೊಳೆಗೆ ಬಿದ್ದು ಬೆಳಗಾಗುವಷ್ಟರಲ್ಲಿ ಹರಿದುಹೋಗಿದ್ದರೆ ಅದರ ಸುಳಿವು ಆ ಸೀಸೆಗೆ ದೊರೆಯದು. ಪ್ರಾಣಿಗಳಾದರೋ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ಬಂದ ಕಷ್ಟವನ್ನೆಲ್ಲ ಅನುಭವಿಸಿ, ಸಹಿಸಬಲ್ಲವು ಉಳಿದು ಸಹಿಸಲಾರದವು ಅಳಿದು, ಆ ಸ್ಥಳದ ಪೂರ್ವವೃತ್ತಾಂತವನ್ನು ತಮ್ಮ ಇರವಿನಿಂದಲೂ ಇಲ್ಲದಿರುವಿಕೆಯಿಂದಲೂ ಸೂಚಿಸುತ್ತವೆ. ಜೈವಿಕ ಜಲಪರೀಕ್ಷೆಯೆಂಬ ವಿದ್ಯೆಯ ಮೂಲತತ್ತ್ವ ಇಷ್ಟೇ.

ಆದರೆ ಸಾಕ್ಷಿಯನ್ನು ಕರೆಯಬೇಕಾದರೆ ಅದರ ಹೆಸರು ತಿಳಿದಿರಬೇಕು. ಇಲ್ಲಿಯೇ ತೊಡಕು ಹುಟ್ಟುತ್ತದೆ. ಪ್ರಾಣಿಶಾಸ್ತ್ರದಲ್ಲಿ ಹೆಸರೆಂಬುದು ಒಂದು ಏಣಿಯಂತೆ ಇರುವುದು. ಮೇಲಿನ ಮೆಟ್ಟಿಲುಗಳು ವರ್ಗ ಮತ್ತು ಗಣ, ಅವುಗಳ ಕೆಳಗೆ ಕುಟುಂಬ, ಕುಟುಂಬದೊಳಗೆ ಹಲವು ಜಾತಿಗಳು, ಜಾತಿಯೊಳಗೆ ಪ್ರಭೇದಗಳು. ಬಲೆಗೆ ಬಿದ್ದ ಒಂದು ಮರಿಯನ್ನು ನೋಡಿ ಅದರ ಗಣ ಇಂಥದೆಂದು ಹೇಳಲು ಒಂದು ಕ್ಷಣ ಸಾಕು. ಕುಟುಂಬವನ್ನು ಹೇಳಲು ಕೈಮಸೂರವೂ ಕೆಲವು ವಾರಗಳ ಅಭ್ಯಾಸವೂ ಬೇಕು. ಪ್ರಭೇದವನ್ನು ಹೇಳಲು ಸೂಕ್ಷ್ಮದರ್ಶಕ, ಗ್ರಂಥಭಂಡಾರ, ಮತ್ತು ಅನೇಕ ವರ್ಷಗಳ ಪಾಂಡಿತ್ಯ ಬೇಕು. ಹೀಗಿರಲು, ನೀರಿನ ಗುಣವನ್ನು ತಿಳಿಯುವ ಕಾರ್ಯಕ್ಕೆ ಈ ಏಣಿಯಲ್ಲಿ ಎಷ್ಟು ಮೆಟ್ಟಿಲು ಇಳಿದರೆ ಸಾಕು? ಈ ಪ್ರಶ್ನೆಯನ್ನು ಕುರಿತು ನೂರು ವರ್ಷಗಳಿಗೂ ಮೀರಿ ವಾದ ನಡೆದಿದೆ. ಆ ವಾದದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ಸಿದ್ಧಿಸುವ ಒಂದು ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೨

ನೀರಿನಲ್ಲಿರುವ ಜೀವಿಗಳನ್ನು ನೋಡಿ ನೀರಿನ ಯೋಗ್ಯತೆಯನ್ನು ಊಹಿಸುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೊದಲಾಯಿತು. ೧೮೫೦ರಲ್ಲಿ ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯನು ಲಂಡನ್ನಿನ ನಿವಾಸಿಗಳಿಗೆ ಒದಗುತ್ತಿದ್ದ ಕುಡಿಯುವ ನೀರನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಕಂಡದ್ದನ್ನು ಪುಸ್ತಕರೂಪವಾಗಿ ಪ್ರಕಟಿಸಿದನು. ಅನಂತರ ಜರ್ಮನಿಯ ಬ್ರೆಸ್ಲೌ ನಗರದಲ್ಲಿ ಫರ್ಡಿನೆಂಡ್ ಕೋನ್ ಕುಡಿಯುವ ನೀರಿನ ಜೀವಿಗಳನ್ನು ಕುರಿತು ಬರೆದನು. ಆದರೆ ಈ ಬಿಡಿ ಅವಲೋಕನಗಳನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ಕೋಲ್ಕ್‌ವಿಟ್ಜ್ ಮತ್ತು ಮಾರ್ಸನ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು. ನೀರು ಸರಬರಾಜು ಮತ್ತು ಕೊಳಚೆಯ ನಿವಾರಣೆಗಳ ಪರೀಕ್ಷೆಗಾಗಿಯೇ ೧೯೦೧ರಲ್ಲಿ ಬರ್ಲಿನ್ನಿನಲ್ಲಿ ಒಂದು ರಾಜಕೀಯ ಸಂಸ್ಥೆ ಏರ್ಪಟ್ಟಿದ್ದಿತು. ಅದರ ಮರುವರ್ಷ, ೧೯೦೨ರಲ್ಲಿ, ಈ ಇಬ್ಬರೂ ಸಸ್ಯ ಮತ್ತು ಪ್ರಾಣಿಗಳಿಂದ ನೀರನ್ನು ಪರೀಕ್ಷಿಸುವ ತತ್ತ್ವಗಳನ್ನು ಪ್ರಕಟಿಸಿದರು. ೧೯೦೮ರಲ್ಲಿ ಸಸ್ಯಗಳನ್ನೂ ೧೯೦೯ರಲ್ಲಿ ಪ್ರಾಣಿಗಳನ್ನೂ ಕುರಿತ ವಿಸ್ತಾರವಾದ ಪಟ್ಟಿಗಳನ್ನು ಕೊಟ್ಟರು.

ಅವರ ಮತದ ಸಾರಾಂಶ ಹೀಗಿದೆ. ಹೊಳೆಗೆ ಊರಿನ ಕೊಳಚೆ ಬಿದ್ದ ಸ್ಥಳದಿಂದ ಕೆಳಕ್ಕೆ ಹೋದಂತೆಲ್ಲ ನೀರು ತನ್ನನ್ನು ತಾನೇ ಶೋಧಿಸಿಕೊಳ್ಳುತ್ತದೆ. ಕೊಳೆತ ಪದಾರ್ಥ ಅತಿಶಯವಾಗಿಯೂ ಆಮ್ಲಜನಕ ಅತ್ಯಲ್ಪವಾಗಿಯೂ ಇರುವ ವಲಯ ಮೊದಲನೆಯದು. ಅದರ ಕೆಳಗೆ ಎರಡು ಮಧ್ಯಮ ವಲಯಗಳು. ಕೊನೆಯದು ತಿಳಿನೀರಿನ ವಲಯ. ಪ್ರತಿಯೊಂದು ವಲಯಕ್ಕೂ ಅದರದೇ ಆದ ಜೀವಿಗಳುಂಟು. ಕೊಳೆತದ್ದರ ಸಂಬಂಧವುಳ್ಳವು ಎಂಬರ್ಥದ ಗ್ರೀಕ್ ಪದದಿಂದ ಇವಕ್ಕೆ ಸಪ್ರೋಬಿಗಳೆಂದು ಹೆಸರಿಟ್ಟು, ಸುಮಾರು ೩೦೦ ಸಸ್ಯಗಳನ್ನೂ ೫೦೦ ಪ್ರಾಣಿಗಳನ್ನೂ ಇಂಥ ವಲಯದವೆಂದು ವಿಂಗಡಿಸಿದರು. ಇಲ್ಲಿ ಗಮನಿಸತಕ್ಕ ವಿಷಯವೆಂದರೆ ಈ ಪಟ್ಟಿಯು ಬಹುಮಟ್ಟಿಗೆ ಪ್ರಭೇದಗಳ ಪಟ್ಟಿ. ಹೆಸರನ್ನು ಎಷ್ಟು ಮಟ್ಟಕ್ಕೆ ನಿರ್ಣಯಿಸಬೇಕೆಂಬ ಸಂದೇಹವೇ ಅವರಿಗೆ ಹುಟ್ಟಿದಂತೆ ತೋರದು. ಅದಕ್ಕೆ ಕಾರಣವೂ ಸ್ಪಷ್ಟ. ಜರ್ಮನಿಯಲ್ಲಿ ಆಗ ವರ್ಗೀಕರಣಶಾಸ್ತ್ರ ಉನ್ನತಸ್ಥಿತಿಯಲ್ಲಿದ್ದಿತು; ಪರೀಕ್ಷಕರು ಸ್ವತಃ ವಿದ್ವಾಂಸರಾಗಿದ್ದರು; ಪರೀಕ್ಷಿಸಬೇಕಾದ ನೀರುಗಳು ಪರಿಚಿತವಾಗಿದ್ದುವು. ವಿದ್ವಾಂಸನಿಗೆ ಪ್ರಭೇದದ ಹೆಸರೇ ಸಹಜವಾದ ಹೆಸರು.

ಈ ಪದ್ಧತಿಗೆ ಅಂಕಗಳ ರೂಪ ಬಂದದ್ದು ತಡವಾಗಿ. ೧೯೫೫ರಲ್ಲಿ ಪ್ಯಾಂಟಲ್ ಮತ್ತು ಬುಕ್ ಎಂಬವರು ಪ್ರತಿಯೊಂದು ಪ್ರಭೇದಕ್ಕೂ ಅದರ ವಲಯಕ್ಕೆ ತಕ್ಕ ಬೆಲೆಯನ್ನು ಕೊಟ್ಟು, ಅದನ್ನು ಆ ಪ್ರಭೇದದ ಹೇರಳತೆಯಿಂದ ಗುಣಿಸಿ ಸರಾಸರಿ ತೆಗೆಯುವ ಕ್ರಮವನ್ನು ಸೂಚಿಸಿದರು. ಜರ್ಮನಿ ಮೊದಲಾದ ಮಧ್ಯ ಯೂರೋಪಿನ ದೇಶಗಳಲ್ಲಿ ಈ ಸಂಪ್ರದಾಯ ಪರಿಷ್ಕೃತವಾಗಿ ಇಂದಿಗೂ ಉಳಿದುಬಂದಿದೆ. ಅಲ್ಲಿ ಇಂದಿಗೂ ಪ್ರಭೇದಕ್ಕೇ ಪ್ರಾಶಸ್ತ್ಯ.

೩

ಇಂಗ್ಲೆಂಡಿನಲ್ಲಿ ಸಂದರ್ಭ ಬೇರೆಯಾಗಿದ್ದಿತು. ಅಲ್ಲಿ ಹೊಳೆಗಳ ಮೇಲ್ವಿಚಾರಣೆ ನದೀಮಂಡಲಿಗಳ ಕೈಯಲ್ಲಿದ್ದು, ಪರೀಕ್ಷಕನು ಒಂದೇ ದಿನದಲ್ಲಿ ಹಲವು ಸ್ಥಳಗಳನ್ನು ನೋಡಿ, ಇಂಜಿನಿಯರುಗಳಿಗೂ ಮಂಡಲಿಯ ಸದಸ್ಯರಿಗೂ ಅರ್ಥವಾಗುವ ಒಂದು ಅಂಕವನ್ನು ಒಪ್ಪಿಸಬೇಕಾಗಿದ್ದಿತು. ೧೯೬೪ರಲ್ಲಿ ಟ್ರೆಂಟ್ ನದೀಮಂಡಲಿಯ ವುಡಿವಿಸ್ ಎಂಬಾತನು ಪ್ರಕಟಿಸಿದ ಸೂಚಿಯು ಈ ಅವಶ್ಯಕತೆಯ ಫಲ. ಸೊನ್ನೆಯಿಂದ ಹತ್ತರವರೆಗೆ ಅದರ ಅಂಕಗಳು. ಹತ್ತು ಎಂದರೆ ಅತ್ಯಂತ ನಿರ್ಮಲ. ಕಲ್ಲುಗಳ ಸಂದಿನಲ್ಲಿ ತಣ್ಣನೆಯ ತಿಳಿನೀರಿನಲ್ಲಿ ವಾಸಿಸುವ ಸ್ಟೋನ್‌ಫ್ಲೈ ಕೀಟದ ಮರಿಗಳು ಕೊಳೆಯನ್ನು ಸೋಕಿದೊಡನೆ ಮೊದಲು ಕಾಣೆಯಾಗುತ್ತವೆ. ಆಮೇಲೆ ರೆಕ್ಕೆ ಬಂದ ಮೇಲೆ ಅಲ್ಪಕಾಲ ಮಾತ್ರ ಬದುಕುವ ಮೇಫ್ಲೈ ಕೀಟದ ಮರಿಗಳು. ಆಮೇಲೆ ಮರಳು ಕಡ್ಡಿಗಳಿಂದ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳುಗಳು. ಆಮೇಲೆ ಗಮ್ಮಾರಸ್ ಎಂಬ ಸಿಗಡಿಯಂಥ ಪ್ರಾಣಿ. ಆಮೇಲೆ ಅಸೆಲಸ್ ಎಂಬ ನೀರುತಿಗಣೆಯಂಥ ಪ್ರಾಣಿ. ಕಡೆಗೆ ಉಳಿಯತಕ್ಕವು ಕೆಸರಿನ ಎರೆಹುಳುಗಳೂ ಕೆಂಪು ಬಣ್ಣದ ಕೈರೋನೋಮಸ್ ಮರಿಗಳೂ ಮಾತ್ರ.

ವುಡಿವಿಸ್‌ನ ಕ್ರಮದಲ್ಲಿ ಒಂದು ವಿಶೇಷವಿದೆ. ನಮ್ಮ ವಿಚಾರಕ್ಕೆ ಅದು ಬಹು ಮುಖ್ಯವಾದುದು. ಆತನು ಎಲ್ಲ ಪ್ರಾಣಿಗಳನ್ನೂ ಒಂದೇ ಮಟ್ಟದಲ್ಲಿ ಹೆಸರಿಸಲಿಲ್ಲ. ಸ್ಟೋನ್‌ಫ್ಲೈಗಳಲ್ಲಿ ಪ್ರತಿಯೊಂದು ಪ್ರಭೇದವನ್ನೂ ಬೇರೆಬೇರೆ ಎಣಿಸಬೇಕು. ಮೇಫ್ಲೈಗಳಲ್ಲಿ ಪ್ರತಿಯೊಂದು ಜಾತಿಯನ್ನು. ಕ್ಯಾಡಿಸ್ ಹುಳುಗಳಲ್ಲಿ ಪ್ರತಿಯೊಂದು ಕುಟುಂಬವನ್ನು. ಆದರೆ ಮೇಫ್ಲೈಗಳ ಪೈಕಿ ಬೇಟಿಸ್ ರೋಡನಿ ಎಂಬ ಒಂದೇ ಪ್ರಭೇದವನ್ನು ಮಾತ್ರ ಗುಂಪಿನಿಂದ ಹೊರತೆಗೆದು ಪ್ರತ್ಯೇಕವಾಗಿ ಎಣಿಸಬೇಕು. ಏಕೆಂದರೆ ಅದು ತನ್ನ ಬಂಧುಗಳಿಗಿಂತ ಹೆಚ್ಚಾಗಿ ಕೊಳೆಯನ್ನು ಸಹಿಸತಕ್ಕದ್ದು. ಹಾಗೆಯೇ ಕೈರೋನೋಮಿಡ್ ಕುಟುಂಬವನ್ನೆಲ್ಲ ಒಂದೇ ಗುಂಪಾಗಿ ಎಣಿಸಿದರೂ, ರಕ್ತದಂತೆ ಕೆಂಪಾಗಿ ಕೊಳಚೆಯಲ್ಲಿ ಕಿಕ್ಕಿರಿಯುವ ಒಂದು ಪ್ರಭೇದವನ್ನು ಬೇರೆಯಾಗಿರಿಸಬೇಕು. ಮೇಲ್ನೋಟಕ್ಕೆ ಇದು ಕ್ರಮವಿಲ್ಲದ ಕ್ರಮದಂತೆ ಕಾಣುತ್ತದೆ. ವಿಚಾರಮಾಡಿ ನೋಡಿದರೆ ಇದರಲ್ಲಿ ದೊಡ್ಡ ವಿವೇಕವಿದೆ. ಯಾವ ಕುಟುಂಬದ ಸದಸ್ಯರೆಲ್ಲರೂ ಒಂದೇ ಸ್ವಭಾವದವರೋ ಅಲ್ಲಿ ಕುಟುಂಬದ ಹೆಸರು ಸಾಕು. ಯಾವ ಕುಟುಂಬದಲ್ಲಿ ಒಬ್ಬನು ಕುಲಕ್ಕೆ ಹೊರಗಾದ ನಡತೆಯವನೋ ಅಲ್ಲಿ ಅವನ ಹೆಸರನ್ನೇ ಹಿಡಿದು ಕರೆಯಬೇಕು. ಮಟ್ಟವನ್ನು ನಿರ್ಣಯಿಸಿದ್ದು ಪುಸ್ತಕದ ಅಂದವಲ್ಲ, ಪ್ರಾಣಿಯ ನಡತೆ.

೪

ಒಂದು ನದಿಗೆ ಹೊಂದಿದ ಸೂಚಿ ದೇಶಕ್ಕೆಲ್ಲ ಹೊಂದುವುದು ಕಷ್ಟ. ೧೯೭೬ರಲ್ಲಿ ಬ್ರಿಟಿಷ್ ಸರ್ಕಾರದ ಪರಿಸರ ಇಲಾಖೆಯು ಜೈವಿಕ ಪರೀಕ್ಷೆಯ ವಿಷಯವಾಗಿ ಒಂದು ಕಾರ್ಯಸಮಿತಿಯನ್ನು ನೇಮಿಸಿತು. ಇಡೀ ರಾಷ್ಟ್ರದ ಹೊಳೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಅದರ ಗುರಿ. ಆ ಸಮಿತಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಿ.ಎಂ.ಡಬ್ಲ್ಯು.ಪಿ. ಎಂದು ಪ್ರಸಿದ್ಧವಾದ ಅಂಕಪಟ್ಟಿಯಲ್ಲಿ ಹೆಸರುಗಳೆಲ್ಲ ಕುಟುಂಬದ ಮಟ್ಟದವು. ಪ್ರತಿಯೊಂದು ಕುಟುಂಬಕ್ಕೂ ಒಂದರಿಂದ ಹತ್ತರವರೆಗೆ ಒಂದು ಅಂಕ. ಸ್ಟೋನ್‌ಫ್ಲೈಗಳ ಬಹುಪಾಲು ಕುಟುಂಬಗಳಿಗೆ ೧೦, ಗಮ್ಮಾರಸ್ಸಿನ ಕುಟುಂಬಕ್ಕೆ ೬, ಬಲೆ ಕಟ್ಟುವ ಕ್ಯಾಡಿಸ್ ಕುಟುಂಬಕ್ಕೆ ೫, ಬೇಟಿಸ್ ಕುಟುಂಬಕ್ಕೆ ೪, ಅಸೆಲಸ್ ಕುಟುಂಬಕ್ಕೆ ೩, ಕೈರೋನೋಮಿಡ್‌ಗಳಿಗೆ ೨. ಎರೆಹುಳುಗಳನ್ನಂತೂ ಕುಟುಂಬವನ್ನೂ ಕೇಳದೆ ಇಡೀ ವರ್ಗಕ್ಕೇ ೧ ಎಂಬ ಒಂದೇ ಅಂಕವನ್ನು ಕೊಟ್ಟಿದೆ.

ಲೆಕ್ಕ ಬಹು ಸುಲಭ. ಒಂದು ಸ್ಥಳದಲ್ಲಿ ಒಂದು ಸ್ಟೋನ್‌ಫ್ಲೈ ಕುಟುಂಬ (೧೦), ಗಮ್ಮಾರಸ್ (೬), ಬಲೆಯ ಕ್ಯಾಡಿಸ್ (೫), ಬೇಟಿಸ್ (೪), ಕೈರೋನೋಮಿಡ್ (೨), ಎರೆಹುಳು (೧) ಈ ಆರು ಗುಂಪುಗಳು ದೊರೆತುವೆನ್ನೋಣ. ಒಟ್ಟು ಅಂಕ ೨೮. ಗುಂಪೊಂದಕ್ಕೆ ಸರಾಸರಿ ಸುಮಾರು ೪.೭. ಹೆಚ್ಚು ಹೊತ್ತು ಹುಡುಕಿದರೆ ಹೆಚ್ಚು ಕುಟುಂಬಗಳು ಸಿಕ್ಕಿ ಒಟ್ಟು ಅಂಕ ಏರುತ್ತದೆ. ಸರಾಸರಿ ಅಷ್ಟು ಸುಲಭವಾಗಿ ಕದಲುವುದಿಲ್ಲ. ಆರ್ಮಿಟೇಜ್ ಮೊದಲಾದವರು ೧೯೮೩ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ ಈ ಸರಾಸರಿಗೆ ವಿಶೇಷ ಮನ್ನಣೆ ದೊರೆಯಿತು. ಅನಂತರ ಸ್ಪೇನ್, ಪೋಲೆಂಡ್, ಥೈಲೆಂಡ್ ಮುಂತಾದ ದೇಶಗಳು ಈ ಪಟ್ಟಿಯನ್ನು ತಮ್ಮ ಪ್ರಾಣಿಗಳಿಗೆ ಹೊಂದಿಸಿಕೊಂಡುವು.

ಇಷ್ಟರಿಂದ ಕುಟುಂಬದ ಪಕ್ಷವೇ ಗೆದ್ದಿತೆಂದು ತೋರಬಹುದು. ಆದರೆ ಇಲ್ಲಿ ಮರೆಯಬಾರದ ಒಂದು ಸಂಗತಿಯುಂಟು. ೧೯೭೭ರಿಂದ ಡಾರ್ಸೆಟ್ ಪ್ರಾಂತದ ನದೀ ಪ್ರಯೋಗಶಾಲೆಯಲ್ಲಿ ಮತ್ತೊಂದು ಕೆಲಸ ನಡೆಯುತ್ತಿದ್ದಿತು. ಕೊಳೆಯಿಲ್ಲದ ಹೊಳೆಗಳಲ್ಲಿ ಯಾವ ಯಾವ ಪ್ರಾಣಿಗಳು ಇರಬೇಕೆಂಬುದನ್ನು ಹೊಳೆಯ ಅಗಲ, ಆಳ, ತಳದ ಸ್ವರೂಪ ಮೊದಲಾದವುಗಳಿಂದ ಮುಂದಾಗಿಯೇ ಊಹಿಸಿ, ಇರಬೇಕಾದುದಕ್ಕೂ ಇರುವುದಕ್ಕೂ ಹೋಲಿಕೆ ನೋಡುವ ಯೋಜನೆಯದು. ಬಯಲಿನ ಮಂದಗಾಮಿ ಹೊಳೆಗೆ ಬೆಟ್ಟದ ಝರಿಯ ಅಂಕ ಸಹಜವಾಗಿಯೇ ಬರಲಾರದು. ಅದನ್ನು ಕೊಳೆಯೆಂದು ಎಣಿಸುವುದು ಅನ್ಯಾಯ. ಆ ಅನ್ಯಾಯವನ್ನು ಈ ಯೋಜನೆ ತಪ್ಪಿಸಿತು. ೧೯೮೪ರಲ್ಲಿ ರೈಟ್ ಮತ್ತು ಆತನ ಸಂಗಡಿಗರು ೪೧ ನದಿಗಳ ೨೬೮ ಸ್ಥಳಗಳ ವರ್ಗೀಕರಣವನ್ನು ಪ್ರಕಟಿಸಿದಾಗ, ಅದಕ್ಕೆ ಆಧಾರವಾಗಿದ್ದುದು ಕುಟುಂಬಗಳ ಪಟ್ಟಿಯಲ್ಲ, ಪ್ರಭೇದಗಳ ಪಟ್ಟಿ. ಪ್ರತಿವರ್ಷದ ಪರೀಕ್ಷಕನು ಕುಟುಂಬದ ಹೆಸರಿನಿಂದ ಕೆಲಸವನ್ನು ಸಾಗಿಸಬಹುದು; ಆದರೆ ಅವನು ನಿಂತಿರುವ ನೆಲವನ್ನು ಹಾಸಿದವರು ಪ್ರಭೇದಗಳನ್ನು ಒಂದೊಂದಾಗಿ ಗುರುತಿಸಿದ ವಿದ್ವಾಂಸರು. ಮನೆಯ ಮೇಲಂತಸ್ತಿನಲ್ಲಿ ಇರುವವನು ಅಡಿಪಾಯ ಬೇಡವೆಂದು ಹೇಳುವಂತಿಲ್ಲ.

೫

ಅಮೆರಿಕದಲ್ಲಿ ಈ ವಾದ ಇನ್ನೂ ತೀಕ್ಷ್ಣವಾಯಿತು. ೧೯೭೫ರಲ್ಲಿ ರೆಷ್ ಮತ್ತು ಉಂಜಿಕರ್ ಎಂಬಿಬ್ಬರು ಜಲಪರೀಕ್ಷೆಯಲ್ಲಿ ಪ್ರಭೇದನಿರ್ಣಯದ ಪ್ರಾಮುಖ್ಯವನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಒಂದಕ್ಕಿಂತ ಹೆಚ್ಚು ಪ್ರಭೇದಗಳ ಸಹನಶಕ್ತಿ ಗೊತ್ತಾಗಿರುವ ೮೯ ಜಾತಿಗಳನ್ನು ಅವರು ಪರಿಶೀಲಿಸಿದರು. ಅವುಗಳ ಪೈಕಿ ೬೧ರಲ್ಲಿ ಒಂದೇ ಜಾತಿಯ ಪ್ರಭೇದಗಳು ಬೇರೆಬೇರೆ ಸಹನಶಕ್ತಿಯ ತರಗತಿಗಳಿಗೆ ಸೇರಿದುವೆಂದು ಕಂಡುಬಂದಿತು. ಜಾತಿಯ ಮಟ್ಟದಲ್ಲಿಯೇ ಸ್ಥಿತಿ ಹೀಗಿದ್ದರೆ ಕುಟುಂಬದ ಮಟ್ಟದಲ್ಲಿ ಹೇಳುವುದೇನು?

ಆದರೆ ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದುದು ವಿಸ್ಕಾನ್ಸಿನ್ ಸಂಸ್ಥಾನದ ಕೀಟಶಾಸ್ತ್ರಜ್ಞನಾದ ಹಿಲ್ಸೆನ್‌ಹಾಫ್‌ನ ಕೆಲಸ. ಏಕೆಂದರೆ ವಾದಿ ಪ್ರತಿವಾದಿಗಳಿಬ್ಬರೂ ಇಲ್ಲಿ ಒಬ್ಬನೇ. ಆತನು ೧೯೭೭ರಲ್ಲಿ ಸಂಧಿಪದಿಗಳ ಪ್ರಭೇದ ಮತ್ತು ಜಾತಿಗಳನ್ನು ಆಧರಿಸಿದ ಒಂದು ಸೂಚಿಯನ್ನು ರಚಿಸಿ, ೧೯೮೭ರಲ್ಲಿ ಅದನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಗೆ ವಿಸ್ತರಿಸಿದನು. ಬ್ರಿಟಿಷರ ಪಟ್ಟಿಗೆ ಪ್ರತಿಯಾಗಿ ಇಲ್ಲಿ ಹೆಚ್ಚಿನ ಅಂಕವೆಂದರೆ ಹೆಚ್ಚಿನ ಕೊಳೆ. ಮರುವರ್ಷ, ೧೯೮೮ರಲ್ಲಿ, ಹೊಳೆಯ ದಡದಲ್ಲಿಯೇ ಶೀಘ್ರವಾಗಿ ಪರೀಕ್ಷೆ ಮಾಡುವುದಕ್ಕೆ ಅನುಕೂಲವಾಗುವಂತೆ ಕುಟುಂಬದ ಮಟ್ಟದ ಇನ್ನೊಂದು ಸೂಚಿಯನ್ನು ಪ್ರಕಟಿಸಿದನು. ಎರಡನ್ನೂ ತಾನೇ ಹೋಲಿಸಿ ನೋಡಿ, ಕುಟುಂಬದ ಸೂಚಿಯು ತಿಳಿನೀರಿನ ಹೊಳೆಯನ್ನು ಇರುವುದಕ್ಕಿಂತ ಕೊಳಕೆಂದೂ, ಕೊಳಕು ಹೊಳೆಯನ್ನು ಇರುವುದಕ್ಕಿಂತ ತಿಳಿಯೆಂದೂ ತೋರಿಸುವ ಸ್ವಭಾವವುಳ್ಳದ್ದೆಂದು ತಾನೇ ಹೇಳಿದನು. ತನ್ನ ಕೃತಿಯ ದೋಷವನ್ನು ಕೃತಿಕಾರನೇ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಳ್ಳುವುದು ಶ್ಲಾಘ್ಯವಾದುದು.

ಈ ದೋಷಕ್ಕೆ ಕಾರಣವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಒಂದು ಕುಟುಂಬದಲ್ಲಿ ಮೂರು ಪ್ರಭೇದಗಳಿದ್ದು ಅವುಗಳ ಅಂಕಗಳು ೧, ೩, ೮ ಎಂದಿಟ್ಟುಕೊಳ್ಳೋಣ. ಕುಟುಂಬಕ್ಕೆ ಸರಾಸರಿ ಅಂಕ ೪. ನಿರ್ಮಲವಾದ ಹೊಳೆಯಲ್ಲಿ ಇರತಕ್ಕದ್ದು ಮೊದಲನೆಯ ಪ್ರಭೇದ ಮಾತ್ರ. ಅದರ ನಿಜವಾದ ಸಾಕ್ಷ್ಯ ೧, ಆದರೆ ಕುಟುಂಬದ ಹೆಸರಿನಲ್ಲಿ ದಾಖಲಾಗುವುದು ೪. ಕೊಳಚೆಯ ಹೊಳೆಯಲ್ಲಿ ಇರತಕ್ಕದ್ದು ಮೂರನೆಯದು ಮಾತ್ರ. ಅದರ ನಿಜವಾದ ಸಾಕ್ಷ್ಯ ೮, ದಾಖಲಾಗುವುದು ಮತ್ತೆ ೪. ಎರಡು ಹೊಳೆಗಳೂ ಕಾಗದದ ಮೇಲೆ ಒಂದೇ ಆದುವು. ಕುಟುಂಬದ ಹೆಸರು ಹೇಳುವ ಸುಳ್ಳು ಎಲ್ಲವನ್ನೂ ನಡುವಿಗೆ ಎಳೆಯುವ ಸುಳ್ಳು. ಅದರಿಂದ ಹಾನಿಯಾಗುವುದು ಎರಡು ಕೊನೆಗಳಲ್ಲಿ: ಕಾಪಾಡಬೇಕಾದ ತಿಳಿನೀರು ತನ್ನ ಹಿರಿಮೆಯನ್ನು ಕಳೆದುಕೊಳ್ಳುತ್ತದೆ, ಚಿಕಿತ್ಸೆ ಬೇಕಾದ ಕೊಳೆನೀರು ತನ್ನ ರೋಗವನ್ನು ಮರೆಸಿಕೊಳ್ಳುತ್ತದೆ. ಕೊಳೆ ಅತಿಯಾಗಿರುವೆಡೆ ಒಂದು ಹೊಳೆಗೂ ಇನ್ನೊಂದಕ್ಕೂ ಇರುವ ದೊಡ್ಡ ಅಂತರವನ್ನು ತಿಳಿಯಲು ಕುಟುಂಬ ಸಾಕು. ಸ್ವಲ್ಪ ಸ್ವಲ್ಪವಾಗಿ ಕೆಡುತ್ತಿರುವ ಒಳ್ಳೆಯ ಹೊಳೆಯ ಮೊದಲನೆಯ ಕೇಡನ್ನು ತಿಳಿಯಲು ಅದು ಸಾಲದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಕೈರೋನೋಮಿಡ್ ಕುಟುಂಬವೇ ನಿದರ್ಶನ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ಜರ್ಮನಿಯ ಥೀನೆಮಾನ್ ಐಫೆಲ್ ಪ್ರಾಂತದ ಸರೋವರಗಳನ್ನು ಪರೀಕ್ಷಿಸಿ, ತಳದಲ್ಲಿ ಆಮ್ಲಜನಕ ಸಮೃದ್ಧವಾಗಿರುವ ಸರೋವರಗಳಲ್ಲಿ ಟ್ಯಾನಿಟಾರ್ಸಸ್ ಬಗೆಯ ಮರಿಗಳೂ, ಅದು ಕ್ಷೀಣಿಸಿರುವ ಸರೋವರಗಳಲ್ಲಿ ಕೈರೋನೋಮಸ್ ಬಗೆಯವೂ ವಾಸಿಸುವುವೆಂದು ತೋರಿಸಿದ್ದನು. ಎರಡೂ ಒಂದೇ ಕುಟುಂಬದವು. ಕುಟುಂಬಕ್ಕೆ ೨ ಎಂದು ಬರೆದುಬಿಟ್ಟರೆ ಥೀನೆಮಾನನ ಶೋಧನೆಯೆಲ್ಲ ಆ ಒಂದು ಅಂಕದಲ್ಲಿ ಮುಳುಗಿಹೋಗುತ್ತದೆ.

೬

ಇಷ್ಟಾದರೂ ಕುಟುಂಬದ ಪಕ್ಷದವರನ್ನು ಆಲಸಿಗಳೆಂದು ಹಳಿಯುವುದು ನ್ಯಾಯವಲ್ಲ. ೧೯೮೫ರಲ್ಲಿ ಎಲಿಸ್ ಎಂಬ ಸಮುದ್ರಜೀವಶಾಸ್ತ್ರಜ್ಞನು 'ವರ್ಗೀಕರಣದ ಸಾಕಷ್ಟುತನ' ಎಂದು ಅನುವಾದಿಸಬಹುದಾದ ಒಂದು ತತ್ತ್ವವನ್ನು ಮುಂದಿಟ್ಟನು. ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವಷ್ಟು ಮಟ್ಟಕ್ಕೆ ಹೆಸರನ್ನು ನಿರ್ಣಯಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಬೇಕಿಲ್ಲವೆಂಬುದು ಅದರ ತಾತ್ಪರ್ಯ. ಹಣವೂ ಕಾಲವೂ ಮಿತವಾದುವು. ಒಂದು ಸ್ಥಳದ ಪ್ರಾಣಿಗಳಿಗೆ ಪ್ರಭೇದದ ಹೆಸರಿಡುವ ಹೊತ್ತಿನಲ್ಲಿ ಹಲವು ಸ್ಥಳಗಳ ಕುಟುಂಬಗಳನ್ನು ಎಣಿಸಬಹುದು. ಅಲ್ಲದೆ ಹೊಳೆಯ ಪ್ರಾಣಿಗಳು ಬಹುಮಟ್ಟಿಗೆ ಮರಿಗಳು. ಎಳೆಯ ಎರೆಹುಳುಗಳಲ್ಲಿ ಅನೇಕವನ್ನು ಅವುಗಳ ಜನನಾವಯವಗಳು ಬಲಿಯುವ ತನಕ ಪ್ರಭೇದಕ್ಕೆ ತರಲಾಗುವುದಿಲ್ಲ. ಕೈರೋನೋಮಿಡ್ ಮರಿಯ ತಲೆಯನ್ನು ಬೇರ್ಪಡಿಸಿ ಗಾಜಿನ ಫಲಕದ ಮೇಲೆ ಹೂಡಿ ನೋಡಬೇಕು. ಅಭ್ಯಾಸ ಸಾಲದವನು ಇಟ್ಟ ಪ್ರಭೇದದ ಹೆಸರಿಗಿಂತ ಅಭ್ಯಾಸವುಳ್ಳವನು ಇಟ್ಟ ಕುಟುಂಬದ ಹೆಸರೇ ಮೇಲು. ಸಂದೇಹವಿರುವಲ್ಲಿ ಮೇಲಿನ ಮೆಟ್ಟಿಲಲ್ಲಿ ನಿಲ್ಲುವುದು ಆಲಸ್ಯವಲ್ಲ, ಪ್ರಾಮಾಣಿಕತೆ.

೨೦೦೧ರಲ್ಲಿ ಅಮೆರಿಕದ ಜಲತಳಜೀವಿಶಾಸ್ತ್ರ ಸಂಘದ ಪತ್ರಿಕೆಯ ಒಂದೇ ಸಂಪುಟದಲ್ಲಿ ಎರಡು ಪ್ರಬಂಧಗಳು ಅಕ್ಕಪಕ್ಕದಲ್ಲಿ ಪ್ರಕಟವಾದುವು. ಬೈಲಿ, ನಾರಿಸ್, ರೆನಲ್ಡ್ಸನ್ ಇವರ ಪ್ರಬಂಧ ಸ್ಥಳಗಳ ಸ್ಥಿತಿಯನ್ನು ಹೋಲಿಸುವ ಕಾರ್ಯಕ್ಕೆ ಕುಟುಂಬದ ಮಟ್ಟ ಅನೇಕವೇಳೆ ಸಾಕೆಂಬ ಪಕ್ಷದ್ದು. ಲೆನಟ್ ಮತ್ತು ರೆಷ್ ಇವರದು ಜಾತಿ ಪ್ರಭೇದಗಳ ನಿರ್ಣಯದಿಂದಾಗುವ ಲಾಭಗಳನ್ನು ಎತ್ತಿಹಿಡಿದದ್ದು. ಇಬ್ಬರ ಮಾತನ್ನೂ ಓದಿದರೆ ಅವರು ಒಂದೇ ಪ್ರಶ್ನೆಗೆ ಎರಡು ಉತ್ತರ ಹೇಳುತ್ತಿಲ್ಲ, ಎರಡು ಪ್ರಶ್ನೆಗಳಿಗೆ ಒಂದೊಂದು ಉತ್ತರ ಹೇಳುತ್ತಿದ್ದಾರೆಂದು ತಿಳಿಯುತ್ತದೆ. ಹೊಳೆ ಕೆಟ್ಟಿದೆಯೇ ಎಂಬುದು ಒಂದು ಪ್ರಶ್ನೆ. ಏತರಿಂದ ಕೆಟ್ಟಿತು, ಕೆಡುವುದರಲ್ಲಿದೆಯೇ, ಕಳೆದುಹೋದುದು ಯಾವುದು ಎಂಬುದು ಇನ್ನೊಂದು.

ಇದರ ಜೊತೆಗೆ ದೇಶವೂ ಲೆಕ್ಕಕ್ಕೆ ಬರುತ್ತದೆ. ಒಂದು ಪ್ರದೇಶದಲ್ಲಿ ಒಂದು ಕುಟುಂಬಕ್ಕೆ ಒಂದೇ ಪ್ರಭೇದವಿದ್ದರೆ ಕುಟುಂಬದ ಹೆಸರೂ ಪ್ರಭೇದದ ಹೆಸರೂ ಒಂದೇ ಅರ್ಥವನ್ನು ಕೊಡುತ್ತವೆ. ಪ್ರಭೇದಗಳು ಹೆಚ್ಚಿದಂತೆಲ್ಲ ಕುಟುಂಬದ ಹೆಸರು ಪೊಳ್ಳಾಗುತ್ತ ಹೋಗುತ್ತದೆ. ಬ್ರಿಟನ್ ದ್ವೀಪದ ಪ್ರಾಣಿಸಂಪತ್ತು ಮಿತವಾದುದು; ಅದಕ್ಕೆ ಹೊಲಿದ ಅಂಗಿ ಉಷ್ಣದೇಶಗಳ ಮೈಗೆ ತಾನಾಗಿ ಹೊಂದಲಾರದು. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ೧೯೯೦ರ ದಶಕದಲ್ಲಿ, ಡಚ್ಚರ ಸಹಕಾರದಿಂದ, ಕುಟುಂಬದ ಅಂಕಪಟ್ಟಿಯನ್ನೇ ಇಲ್ಲಿನ ಹೊಳೆಗಳಿಗೆ ಹೊಂದಿಸಿಕೊಂಡು ಅದರೊಡನೆ ವೈವಿಧ್ಯದ ಅಂಕವೊಂದನ್ನು ಸೇರಿಸಿಕೊಂಡಿತು. ದಕ್ಷಿಣ ಭಾರತದ ಹೊಳೆಗಳ ಕೀಟಗಳನ್ನು ಕುರಿತು ಬಹುಕಾಲ ಶ್ರಮಿಸಿದ ಶಿವರಾಮಕೃಷ್ಣನ್ ಅವರೂ ಸುಬ್ರಮಣಿಯನ್ ಅವರೂ ಸೇರಿ ಬರೆದ, ಜಲಕೀಟಗಳಿಂದ ಜಲಪರೀಕ್ಷೆ ಮಾಡುವ ವಿಧಾನದ ಕೈಪಿಡಿಯೊಂದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿತು. ಸಹ್ಯಾದ್ರಿಯ ಹೊಳೆಗಳಲ್ಲಿ ರೆಕ್ಕೆಯ ಕೀಟಕ್ಕೆ ಹೆಸರಿದ್ದರೂ ಅದರ ಮರಿ ಯಾವುದೆಂದು ತಿಳಿಯದಿರುವ ಸಂದರ್ಭಗಳು ಬಹಳ. ಇಂಥ ಕಡೆ ಕುಟುಂಬದಲ್ಲಿ ನಿಲ್ಲುವುದು ಆಯ್ಕೆಯಲ್ಲ, ಅನಿವಾರ್ಯ. ಆದರೆ ಅನಿವಾರ್ಯವನ್ನೇ ಸಿದ್ಧಾಂತವೆಂದು ಬಗೆದರೆ, ಹೆಸರಿಲ್ಲದ ಮರಿ ಎಂದೆಂದಿಗೂ ಹೆಸರಿಲ್ಲದೆ ಉಳಿಯುವುದು.

೭

ಪ್ರಭೇದದ ಪಕ್ಷಕ್ಕೂ ಒಂದು ಗರ್ವಭಂಗ ಕಾದಿದ್ದಿತು. ಕ್ಯಾಪಿಟೆಲ್ಲಾ ಕ್ಯಾಪಿಟಾಟಾ ಎಂಬ ಕಡಲಹುಳುವನ್ನು ಮಾಲಿನ್ಯದ ಸೂಚಕಪ್ರಭೇದವೆಂದು ಲೋಕದ ಎಲ್ಲೆಡೆಯ ವಿದ್ವಾಂಸರೂ ಬಳಸುತ್ತಿದ್ದರು. ೧೯೬೯ರಲ್ಲಿ ಅಮೆರಿಕದ ವೆಸ್ಟ್ ಫಾಲ್ಮತ್ ಕರಾವಳಿಯಲ್ಲಿ ಎಣ್ಣೆ ಸೋರಿದ ತರುವಾಯ ಅಲ್ಲಿ ಕಿಕ್ಕಿರಿದ ಈ ಹುಳುಗಳನ್ನು ಅಭ್ಯಸಿಸಿದ ಗ್ರಾಸಲ್ ದಂಪತಿಗಳು, ೧೯೭೬ರಲ್ಲಿ, ಆ ಒಂದು ಹೆಸರಿನ ಅಡಿಯಲ್ಲಿ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಆರು ಪ್ರಭೇದಗಳಿವೆಯೆಂದು ತೋರಿಸಿದರು. ಇನ್ನು ವುಡಿವಿಸ್ ಜಾಣತನದಿಂದ ಬೇರ್ಪಡಿಸಿದ್ದ ಬೇಟಿಸ್ ರೋಡನಿಯ ಗತಿಯೂ ಹಾಗೆಯೇ ಆಯಿತು. ೨೦೦೬ರಲ್ಲಿ ವಿಲಿಯಮ್ಸ್, ಆರ್ಮರಾಡ್, ಬ್ರೂಫರ್ಡ್ ಇವರು ಅದರ ಡಿ.ಎನ್.ಎ.ಯನ್ನು ಪರೀಕ್ಷಿಸಿ, ಅದು ಒಂದು ಪ್ರಭೇದವಲ್ಲ, ಪ್ರಭೇದಗಳ ಒಂದು ಸಮೂಹವೆಂದು ಸೂಚಿಸಿದರು. ಏಣಿಯ ಕೊನೆಯ ಮೆಟ್ಟಿಲೆಂದು ನಂಬಿದ್ದುದರ ಕೆಳಗೆ ಇನ್ನೂ ಮೆಟ್ಟಿಲುಗಳಿದ್ದುವು.

೨೦೦೩ರಲ್ಲಿ ಕೆನಡಾದ ಹೀಬರ್ಟ್ ಮೊದಲಾದವರು ಡಿ.ಎನ್.ಎ.ಯ ಒಂದು ಸಣ್ಣ ತುಣುಕಿನಿಂದ ಪ್ರಾಣಿಗಳನ್ನು ಗುರುತಿಸುವ ಕ್ರಮವನ್ನು ಸೂಚಿಸಿದ ಮೇಲೆ, ಈಗ ಇಡೀ ಬಲೆಯ ಪ್ರಾಣಿಗಳನ್ನು ಒಟ್ಟಿಗೆ ಅರೆದು ಅದರಲ್ಲಿರುವ ಪ್ರಭೇದಗಳನ್ನು ತಿಳಿಯುವ ಪ್ರಯತ್ನ ನಡೆದಿದೆ. ಇದರಿಂದ ನಮ್ಮ ಪ್ರಶ್ನೆಯೇ ತೊಡೆದುಹೋಗುವುದೆಂದು ಕೆಲವರ ಆಶೆ. ಆದರೆ ಡಿ.ಎನ್.ಎ. ಹೆಸರನ್ನು ತಾನಾಗಿ ಹೇಳದು. ಅದನ್ನು ಹೋಲಿಸಿ ನೋಡಲು ವಿದ್ವಾಂಸನು ಮೊದಲೇ ಹೆಸರಿಟ್ಟಿರುವ ಮಾದರಿಗಳ ಭಂಡಾರವಿರಬೇಕು. ಎಷ್ಟು ಪ್ರಾಣಿಗಳಿದ್ದುವೆಂಬ ಲೆಕ್ಕವೂ ಅದರಿಂದ ಸರಿಯಾಗಿ ದೊರೆಯದು. ಇಲ್ಲಿಯೂ ಅಡಿಪಾಯ ಹಳೆಯದೇ.

೮

ಈ ಚರಿತ್ರೆಯಿಂದ ಸಿದ್ಧವಾಗುವುದೇನು? ಹೆಸರಿನ ಮಟ್ಟವೆಂಬುದು ಪ್ರಕೃತಿಯು ಕೊಟ್ಟದ್ದಲ್ಲ. ಪ್ರಶ್ನೆಯು ಬೇಡಿದ್ದು, ಕೈಗೆ ನಿಲುಕಿದ್ದು. ಬರ್ಲಿನ್ನಿನ ಪಂಡಿತರು ಪ್ರಭೇದವನ್ನು ಹಿಡಿದದ್ದೂ, ಟ್ರೆಂಟ್ ನದಿಯವನು ಮಿಶ್ರಕ್ರಮವನ್ನು ಹಿಡಿದದ್ದೂ, ಬ್ರಿಟಿಷ್ ಸಮಿತಿ ಕುಟುಂಬವನ್ನು ಹಿಡಿದದ್ದೂ ಅವರವರ ಪ್ರಶ್ನೆಗೆ ತಕ್ಕದ್ದೇ. ತಪ್ಪು ಹುಟ್ಟುವುದು ಒಂದು ಪ್ರಶ್ನೆಗೆ ಸಾಕಾದುದನ್ನು ಎಲ್ಲ ಪ್ರಶ್ನೆಗಳಿಗೂ ಸಾಕೆಂದು ಎಣಿಸಿದಾಗ.

ಶಾಸನಗಳ ಅಭ್ಯಾಸವುಳ್ಳ ವಾಚಕರಿಗೆ ಇದು ಅಪರಿಚಿತವಾದ ತೊಡಕಲ್ಲ. ತೇದಿಯಿಲ್ಲದ ಶಾಸನವೊಂದರ ಲಿಪಿಯನ್ನು ನೋಡಿ ಅದು ಇಂಥ ಶತಮಾನದ್ದೆಂದು ಹೇಳುವುದುಂಟು. ಲಿಪಿಯ ಬೆಳವಣಿಗೆಯನ್ನು ತಿಳಿಯುವವನಿಗೆ ಅಷ್ಟು ಸಾಕು. ಒಬ್ಬ ದೊರೆಯ ಆಳ್ವಿಕೆಯ ಕ್ರಮವನ್ನು ನಿರ್ಣಯಿಸುವವನಿಗೆ ಸಾಲದು. ಆಧಾರವಿಲ್ಲದೆ ವರ್ಷವನ್ನೇ ಹೇಳಿಬಿಡುವವನು ಶತಮಾನವನ್ನು ಹೇಳಿ ಸುಮ್ಮನಾದವನಿಗಿಂತ ಹೆಚ್ಚಿನ ಕೇಡನ್ನು ಮಾಡುತ್ತಾನೆ. ಆದರೆ ಒಳ್ಳೆಯ ಶಾಸನಸಂಶೋಧಕನು ತನ್ನ ನಿರ್ಣಯವನ್ನು ಬರೆದು ಕಲ್ಲನ್ನು ಒಡೆದುಹಾಕುವುದಿಲ್ಲ. ಅದರ ಅಚ್ಚನ್ನು ತೆಗೆದಿರಿಸುತ್ತಾನೆ. ತನಗಿಂತ ಹೆಚ್ಚು ಬಲ್ಲವನು ಮುಂದೆ ಬಂದು ಮತ್ತೆ ಓದಲೆಂದು.

ಜಲಪರೀಕ್ಷೆಯಲ್ಲಿ ಕಳೆದುಹೋಗಬಹುದಾದುದು ಇದೇ. ಒಮ್ಮೆ ಕುಟುಂಬವೆಂದು ಬರೆದು ಪ್ರಾಣಿಗಳನ್ನು ಚೆಲ್ಲಿಬಿಟ್ಟರೆ, ಆ ಹೊಳೆಯಲ್ಲಿ ಆ ವರ್ಷ ಯಾವ ಪ್ರಭೇದವಿದ್ದಿತೆಂಬುದನ್ನು ಮುಂದೆ ಯಾವ ವಿದ್ಯೆಯೂ ಹೇಳಲಾರದು. ಪ್ರಭೇದಗಳ ಪಟ್ಟಿಯಿಂದ ಕುಟುಂಬಗಳ ಪಟ್ಟಿಯನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಕುಟುಂಬಗಳ ಪಟ್ಟಿಯಿಂದ ಪ್ರಭೇದಗಳ ಪಟ್ಟಿಯನ್ನು ಎಂದಿಗೂ ಮಾಡಲಾಗದು. ಏಣಿಯನ್ನು ಹತ್ತುವ ದಾರಿ ಸದಾ ತೆರೆದಿದೆ. ಇಳಿಯುವ ದಾರಿ ಮಾದರಿಯು ಉಳಿದಿದ್ದರೆ ಮಾತ್ರ. ಹಿಂದೆ ಸಾರಾಯಿಯಲ್ಲಿಟ್ಟು ಉಳಿಸಿದ ಮರಿಗಳನ್ನು ಮುಂದೆ ಬಂದ ಜ್ಞಾನದಿಂದ ಪುನಃ ಪರೀಕ್ಷಿಸಬಹುದು. ಅವುಗಳ ಬದಲು ಉಳಿದ ಅಂಕವೊಂದನ್ನು ಪರೀಕ್ಷಿಸುವ ಬಗೆಯಿಲ್ಲ.

ಆದುದರಿಂದ ಮಟ್ಟವನ್ನು ಆರಿಸುವವನು ಮೂರು ಮಾತುಗಳನ್ನು ನೆನಪಿನಲ್ಲಿಡುವುದು ಯುಕ್ತ. ಮೊದಲು ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಂಡು ಅದಕ್ಕೆ ತಕ್ಕ ಮಟ್ಟವನ್ನು ಹಿಡಿಯಬೇಕು. ವುಡಿವಿಸ್‌ನಂತೆ ಒಂದೊಂದು ಗುಂಪಿಗೆ ಒಂದೊಂದು ಮಟ್ಟವಾದರೂ ಬಾಧಕವಿಲ್ಲ. ಎರಡನೆಯದಾಗಿ, ಕಣ್ಣೂ ಗ್ರಂಥವೂ ಒಪ್ಪುವಷ್ಟೇ ಕೆಳಗಿನ ಹೆಸರನ್ನು ಬರೆಯಬೇಕು, ಅದಕ್ಕಿಂತ ಕೆಳಕ್ಕೆ ಇಳಿಯಕೂಡದು. ಮೂರನೆಯದಾಗಿ, ಎಷ್ಟು ಮಟ್ಟಕ್ಕೆ ಹೆಸರಿಟ್ಟರೂ ಮಾದರಿಗಳನ್ನು ಸ್ಥಳ ಮತ್ತು ತೇದಿಗಳೊಡನೆ ಉಳಿಸಬೇಕು. ಮೊದಲನೆಯದು ಇಂದಿನ ಕೆಲಸವನ್ನು ನಡೆಸುತ್ತದೆ. ಎರಡನೆಯದು ಅದನ್ನು ಸತ್ಯವಾಗಿರಿಸುತ್ತದೆ. ಮೂರನೆಯದು ಮುಂದೆ ಬರುವವರಿಗೆ ನಮ್ಮ ಅಲ್ಪಜ್ಞತೆಯನ್ನು ತಿದ್ದುವ ಅವಕಾಶವನ್ನು ಕೊಡುತ್ತದೆ.